ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗೆ ಬಂದ 41 ಪ್ರಶ್ನೆ: ಮುಂದಿನ ಐದು ವರ್ಷಕ್ಕೆ ಡೇಟಾ ಕಾಪಾಡಿಕೊಳ್ಳುವುದು ಹೇಗೆ?

ಮೆಣಸಿನಕಾಯಿ ಮನೆ, ಬ್ಯಾಡಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜ್. ಅಪ್ಪ ಮತ್ತು ಕಾಕಾ ಸೇರಿ ನಡೆಸುತ್ತಾರೆ. ನಾನು ಬಿ.ಕಾಂ. ಮುಗಿಸಿ ಆರು ವರ್ಷದಿಂದ ಆಫೀಸ್ ನೋಡಿಕೊಳ್ಳುತ್ತಿದ್ದೇನೆ. ಐದು ಕಂಪ್ಯೂಟರ್, ದುಡ್ಡಿನ ಲೆಕ್ಕಕ್ಕೆ ಟ್ಯಾಲಿ, ಮತ್ತೆ ಚೀಲಗಳ ಲೆಕ್ಕಕ್ಕೆ ದಾವಣಗೆರೆಯ ಒಬ್ಬರು ಬರೆದುಕೊಟ್ಟ ಲಾಟ್ ಸಾಫ್ಟ್‌ವೇರ್. ಇಷ್ಟೇ ನಮ್ಮ ಆಫೀಸ್. ಯಾರ ಮಾಲು, ಡಬ್ಬಿ ತಳಿಯೋ ಕಡ್ಡಿ ತಳಿಯೋ, ಎಷ್ಟು ಚೀಲ, ಯಾವ ಚೇಂಬರ್, ಎಷ್ಟನೇ ಮಹಡಿ, ಅದರ ಮೇಲೆ ಬ್ಯಾಂಕ್ ಸಾಲ ಇದೆಯಾ, ಎಲ್ಲವೂ ಆ ಸಾಫ್ಟ್‌ವೇರ್‌ನಲ್ಲೇ ಇದೆ. ಮಾರ್ಚ್ ಹೊತ್ತಿಗೆ ಚೇಂಬರ್ ತುಂಬಿರುತ್ತದೆ. ಆಗ ಆ ಲೆಕ್ಕ ಕೈತಪ್ಪಿದರೆ ಒಳಗೆ ಉಳಿಯುವುದು ಚೀಲಗಳ ಗುಡ್ಡ ಮಾತ್ರ. ಯಾವುದು ಯಾರದು ಎಂದು ಹೇಳಲು ಆಗುವುದಿಲ್ಲ.

ಈಗ ಕೇಳುತ್ತಿರುವುದಕ್ಕೆ ಎರಡು ಕಾರಣ ಇವೆ.

ಮೊದಲನೆಯದು ಹೋದ ವರ್ಷ ಆದದ್ದು. ಲೆಕ್ಕದ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಕೆಟ್ಟಿತು. ನಾವು ದಿನಾ ಸಂಜೆ ಪೆನ್ ಡ್ರೈವ್‌ಗೆ ಬ್ಯಾಕಪ್ ತೆಗೆಯುತ್ತಿದ್ದೆವು, ಹಾಗಾಗಿ ಧೈರ್ಯವಾಗಿದ್ದೆವು. ತೆರೆದು ನೋಡಿದರೆ ಅದರಲ್ಲಿ ಏಳು ತಿಂಗಳ ಹಿಂದಿನ ಲೆಕ್ಕ. ಟ್ಯಾಲಿಯ ಹೊಸ ಆವೃತ್ತಿ ಹಾಕಿಸಿದಾಗ ಡೇಟಾ ಬೇರೆ ಫೋಲ್ಡರ್‌ಗೆ ಹೋಗಿತ್ತು. ಬ್ಯಾಕಪ್ ಮಾತ್ರ ಹಳೆಯ ಫೋಲ್ಡರನ್ನೇ ದಿನಾ ನಕಲು ಮಾಡುತ್ತಿತ್ತು. ದಿನಾ ಸಂಜೆ "ಕಾಪಿ ಆಯಿತು" ಎಂದು ಬರುತ್ತಿತ್ತು, ನಾವೂ ನಂಬಿಕೊಂಡಿದ್ದೆವು. ಹುಬ್ಬಳ್ಳಿಯಲ್ಲಿ ಡಿಸ್ಕ್ ರಿಕವರಿ ಮಾಡಿಸಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ನಮ್ಮ ಕೈ ಹಿಡಿದದ್ದು ಕಾಕಾನ ನೋಟ್‌ಬುಕ್. ಅವರು ಇಂದಿಗೂ ಪ್ರತಿ ಲೋಡನ್ನು ಕೈಯಲ್ಲಿ ಬರೆದಿಡುತ್ತಾರೆ.

ಎರಡನೆಯದು ಹೋದ ವಾರದ್ದು. ನಮ್ಮಲ್ಲಿ ಮಾಲು ಇಡುವ ಒಬ್ಬ ದೊಡ್ಡ ಖರೀದಿದಾರರಿದ್ದಾರೆ. ಮೆಣಸಿನಕಾಯಿಯಿಂದ ಬಣ್ಣ ತೆಗೆದು ರಫ್ತು ಮಾಡುವವರು. ಅವರ ಕಡೆಯಿಂದ 41 ಪ್ರಶ್ನೆಗಳ ಹಾಳೆ ಬಂದಿದೆ. ನಿಮ್ಮ ಆರ್‌ಟಿಒ ಎಷ್ಟು, ಆರ್‌ಪಿಒ ಎಷ್ಟು, ಅಳಿಸಲಾಗದ ಬ್ಯಾಕಪ್ ಇದೆಯಾ, ಕೊನೆಯ ಸಲ ಯಾವಾಗ ರೀಸ್ಟೋರ್ ಮಾಡಿ ನೋಡಿದಿರಿ, ಹೀಗೆ. ಈ ಸುದ್ದಿ ತಿಳಿದು ಒಬ್ಬ ಕನ್ಸಲ್ಟೆಂಟ್ ಬಂದರು. ಮುಂದೆಲ್ಲ ಎಐ ಇರುವ ಕ್ಲೌಡ್ ಬ್ಯಾಕಪ್ಪೇ, ಮೂರು ವರ್ಷಕ್ಕೆ ಈಗಲೇ ಸಹಿ ಹಾಕಿ ಎಂದರು. ಅಪ್ಪ "ಅಷ್ಟು ದುಡ್ಡು ಯಾಕೆ, ನಮ್ಮದೇನು ಬ್ಯಾಂಕಾ?" ಎಂದು ಕೇಳುತ್ತಾರೆ.

ನನ್ನ ಪ್ರಶ್ನೆ ಇದು. ಮುಂದೆ ನಿಜವಾಗಿ ಏನು ಬದಲಾಗುತ್ತಿದೆ? ಅದರಲ್ಲಿ ನಮ್ಮಂಥ ಸಣ್ಣವರಿಗೆ ಬೇಕಾದದ್ದು ಯಾವುದು? ಜನವರಿಯಲ್ಲಿ ಮಾಲು ಜೋರಾಗುತ್ತದೆ. ಅಷ್ಟರೊಳಗೆ ಏನು ಮಾಡಬಹುದು?

ಪೀಣ್ಯ ಸೆಕೆಂಡ್ ಸ್ಟೇಜ್

ತಂಗಿ, ನಿಮ್ಮ ಪೆನ್ ಡ್ರೈವ್ ಕಥೆ ಓದಿ ನನ್ನದೇ ನೆನಪಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಪೀಣ್ಯದ ಒಂದು ಸಿಎನ್‌ಸಿ ಶಾಪ್‌ನಲ್ಲಿ ಸಿಸ್ಟಂ ನೋಡಿಕೊಳ್ಳುವವನು. ಎರಡು ಸರ್ವರ್, 38 ಕಂಪ್ಯೂಟರ್, ಬ್ಯಾಕಪ್‌ಗೆ ಒಂದು ನ್ಯಾಸ್, ಅಂದರೆ ಜಾಲಕ್ಕೆ ಜೋಡಿಸಿದ ಡಿಸ್ಕ್‌ಗಳ ಪೆಟ್ಟಿಗೆ. 2023ರಲ್ಲಿ ಒಂದು ಸೋಮವಾರ ಬೆಳಿಗ್ಗೆ ಏಳರ ಶಿಫ್ಟ್‌ಗೆ ಬಂದವರು ಡ್ರಾಯಿಂಗ್ ತೆರೆಯುತ್ತಿಲ್ಲ ಎಂದು ಫೋನ್ ಮಾಡಿದರು. ಹೋಗಿ ನೋಡಿದೆ. ಒಂದು ಫೈಲೂ ತೆರೆಯುತ್ತಿರಲಿಲ್ಲ, ಯಾರೋ ಎಲ್ಲವನ್ನೂ ಲಾಕ್ ಮಾಡಿದ್ದರು. ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದು ಚೀಟಿ. ನ್ಯಾಸ್‌ನಲ್ಲಿದ್ದ ಬ್ಯಾಕಪ್ ಅಂತೂ ಲಾಕ್ ಕೂಡ ಆಗಿರಲಿಲ್ಲ, ಪೂರ್ತಿ ಅಳಿಸಿಯೇ ಹೋಗಿತ್ತು. ದಾಳಿ ಮಾಡಿದವರು ಮೊದಲು ಕೈ ಇಟ್ಟದ್ದೇ ಬ್ಯಾಕಪ್ ಮೇಲೆ. ನ್ಯಾಸ್‌ನ ಪಾಸ್‌ವರ್ಡ್ ಸರ್ವರ್‌ನ ಬ್ರೌಸರ್‌ನಲ್ಲಿ ಸೇವ್ ಆಗಿತ್ತು.

ಬಾಗಿಲು ಎಲ್ಲಿ ತೆರೆದಿತ್ತು ಎಂದು ಆಮೇಲೆ ಗೊತ್ತಾಯಿತು. ಸಾಫ್ಟ್‌ವೇರ್ ಕೊಟ್ಟವರು ಸಪೋರ್ಟ್‌ಗೆ ಎಂದು ದೂರದಿಂದಲೇ ಕಂಪ್ಯೂಟರ್ ಬಳಸುವ ದಾರಿ (ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್) ತೆರೆಸಿದ್ದರು, ಕೆಲಸ ಮುಗಿದ ಮೇಲೆ ಮುಚ್ಚಿಸಿರಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಲಾಗ್ ನೋಡಿದರೆ ಅವರು ಒಳಗೆ ಬಂದು ಹದಿನಾರು ದಿನ ಆಗಿತ್ತು. ಹದಿನಾರು ದಿನ ಸದ್ದಿಲ್ಲದೆ ಎಲ್ಲ ನೋಡಿಕೊಂಡು, ಶನಿವಾರ ರಾತ್ರಿ ಕೆಲಸ ಮುಗಿಸಿದ್ದರು.

ನಾವು ದುಡ್ಡು ಕೊಡಲಿಲ್ಲ. ನಮ್ಮನ್ನು ಉಳಿಸಿದ್ದು ಎರಡು ವಸ್ತು. ಸಿಎನ್‌ಸಿ ಮಷಿನ್‌ಗಳ ಕಂಟ್ರೋಲರ್‌ನಲ್ಲೇ ಪ್ರೋಗ್ರಾಂಗಳು ಉಳಿದಿದ್ದವು. ಒಂದೊಂದೇ ಮಷಿನ್ ಮುಂದೆ ನಿಂತು ಅವನ್ನು ಹೊರಗೆ ತೆಗೆದೆವು. ಇನ್ನೊಂದು, ಆಡಿಟ್‌ಗೆ ಎಂದು ಲೆಕ್ಕದವರು ಒಯ್ದಿದ್ದ ಒಂದು ಹೊರಗಿನ ಡಿಸ್ಕ್. ಹತ್ತೊಂಬತ್ತು ದಿನ ಹಳೆಯದು, ಆಡಿಟರ್ ಆಫೀಸಿನ ಕಪಾಟಿನಲ್ಲಿ ಬಿದ್ದಿತ್ತು. ನಾವು ಲೆಕ್ಕ ಹಾಕಿ ಇಟ್ಟಿದ್ದಲ್ಲ, ಅದು ಬರೀ ಅದೃಷ್ಟ.

ಇಂಥ ಅದೃಷ್ಟದ ಕಥೆ ದೊಡ್ಡವರದ್ದೂ ಇದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿ ಆಯಿತಲ್ವಾ, ಆಗ ಮೇರ್ಸ್ಕ್ ಎಂಬ ಹಡಗು ಕಂಪನಿಯ ಜಾಲವೆಲ್ಲ ಮಲಗಿತು. ಯಾರು ಯಾವ ಕಂಪ್ಯೂಟರ್‌ಗೆ ಲಾಗಿನ್ ಆಗಬಹುದು ಎಂದು ತೀರ್ಮಾನಿಸುವ ಸರ್ವರ್‌ಗಳು ಪ್ರಪಂಚದ ಎಲ್ಲೆಡೆ ಹೋದವು. ಉಳಿದದ್ದು ಘಾನಾ ದೇಶದಲ್ಲಿದ್ದ ಒಂದೇ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಆ ಒಂದು ಪ್ರತಿಯಿಂದ ಸುಮಾರು 4,000 ಸರ್ವರ್ ಮತ್ತು 45,000 ಕಂಪ್ಯೂಟರನ್ನು ಹತ್ತು ದಿನದಲ್ಲಿ ಮತ್ತೆ ಕಟ್ಟಿದರು. ಈಗ ಎಲ್ಲ ಕಂಪನಿಗಳೂ ಅಳಿಸಲಾಗದ ಪ್ರತಿ, ಜಾಲಕ್ಕೆ ಸೇರದ ಪ್ರತಿ ಎಂದು ಮಾರುತ್ತಿರುವುದು ಆ ಘಾನಾದ ಅದೃಷ್ಟವನ್ನೇ, ಮೊದಲೇ ಲೆಕ್ಕ ಹಾಕಿ ಕಟ್ಟಿಕೊಟ್ಟು.

ನಿಮಗೆ ಇದು ಹೀಗೆ ಅನ್ವಯಿಸುತ್ತದೆ. ಕ್ಲೌಡ್‌ನಲ್ಲಿ ಇಡುವ ಪ್ರತಿಗೆ ಇಂತಿಷ್ಟು ದಿನ ಯಾರೂ ಅಳಿಸಬಾರದು ಎಂದು ಲಾಕ್ ಹಾಕಬಹುದು. ಆ ದಿನ ಮುಗಿಯುವವರೆಗೆ ಮಾಲೀಕರ ಪಾಸ್‌ವರ್ಡ್ ಇದ್ದರೂ ಅಳಿಸಲು ಆಗುವುದಿಲ್ಲ. ಏಳು ದಿನದ ಲಾಕ್ ಸಾಲದು. ನಮ್ಮಲ್ಲಿ ಅವರು ಹದಿನಾರು ದಿನ ಕೂತಿದ್ದರು ಎಂಬುದನ್ನು ನೆನಪಿಡಿ. ಇದರ ಜೊತೆಗೆ ಎರಡು ಹೊರಗಿನ ಡಿಸ್ಕ್ ಕೊಳ್ಳಿ. ಒಂದು ಆಫೀಸಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವಾರಕ್ಕೊಮ್ಮೆ ಅದಲುಬದಲು. ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡ್ ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಬ್ಯಾಕಪ್ ಮುಗಿದ ಕೂಡಲೇ ವೈರ್ ಕಿತ್ತುಬಿಡಿ. ಚುಚ್ಚಿಟ್ಟೇ ಇದ್ದರೆ ಅದೂ ನಮ್ಮ ನ್ಯಾಸ್ ಥರ ಹೋಗುತ್ತದೆ. ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ ಅದನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟ ಫೈಲೇ ಅಲ್ಲಿಗೂ ಹೋಗುತ್ತದೆ.

ಎಲ್ಲವನ್ನೂ ಒಂದೇ ಕ್ಲೌಡ್ ಕಂಪನಿಯ ಕೈಗೂ ಕೊಡಬೇಡಿ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಗೆ ಹೀಗಾಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ನಿಧಿ. ಸೆಟ್ಟಿಂಗ್ ಒಂದರ ತಪ್ಪಿನಿಂದ ಗೂಗಲ್ ಕ್ಲೌಡ್‌ನಲ್ಲಿದ್ದ ಅವರ ಇಡೀ ವ್ಯವಸ್ಥೆ ಅಳಿಸಿಹೋಯಿತು. ಎರಡು ಕಡೆ ಇಟ್ಟಿದ್ದರು, ಎರಡೂ ಕಡೆ ಹೋಯಿತು. ಬೇರೆ ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದರಿಂದ ವಾಪಸ್ ಬರಲು ಆಯಿತು. ಅಲ್ಲಿ ಕಳ್ಳರು ಯಾರೂ ಇರಲಿಲ್ಲ, ನೋಡಿ.

ಈಗ ಆರ್‌ಟಿಒ, ಆರ್‌ಪಿಒ. ಹೆಸರಿಗೆ ಹೆದರಬೇಡಿ. ಆರ್‌ಪಿಒ ಅಂದರೆ ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ನೀವು ತಡೆದುಕೊಳ್ಳಬಲ್ಲಿರಿ ಎಂಬುದು. ನಿನ್ನೆ ರಾತ್ರಿಯ ಪ್ರತಿ ಇದ್ದು ಇಂದು ಸಂಜೆ ಕೆಟ್ಟರೆ, ಇಂದು ಬಂದ ಲೋಡ್‌ಗಳನ್ನೆಲ್ಲ ಮತ್ತೆ ಬರೆಯಬೇಕು. ಕಾಕಾನ ನೋಟ್‌ಬುಕ್ ಇರುವುದರಿಂದ ನಿಮಗೆ ಅದು ಸಾಧ್ಯ. ಆರ್‌ಟಿಒ ಅಂದರೆ ಕೆಟ್ಟ ಗಳಿಗೆಯಿಂದ ಮತ್ತೆ ಗೇಟ್ ಪಾಸ್ ಹರಿದುಕೊಡುವವರೆಗೆ ಎಷ್ಟು ಗಂಟೆ ಎಂಬುದು.

ನಾವು ಎಡವಿದ್ದು ಇಲ್ಲೇ. ಡೇಟಾ ಸಿಕ್ಕಿದ ಮೇಲೂ ಯಾವುದನ್ನು ಮೊದಲು ಎಬ್ಬಿಸಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಎರಡು ದಿನ ಇಮೇಲ್ ಸರಿಪಡಿಸುತ್ತ ಕೂತೆವು. ಅತ್ತ ತಯಾರಾದ ಮಾಲು ಗೇಟ್ ಹತ್ತಿರ ನಿಂತಿತ್ತು. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಯಾವುದಾದರೂ ಲ್ಯಾಪ್‌ಟಾಪ್‌ನಿಂದ ಪೋರ್ಟಲ್‌ನಲ್ಲೇ ತೆಗೆಯಬಹುದಿತ್ತು. ಆದರೆ ಪಾಸ್‌ವರ್ಡ್ ಇದ್ದದ್ದು ಸತ್ತ ಕಂಪ್ಯೂಟರ್‌ನಲ್ಲಿ. ಬದಲಿಸೋಣ ಎಂದರೆ ಒಟಿಪಿ ಹೋಗುತ್ತಿದ್ದದ್ದು ಕೆಲಸ ಬಿಟ್ಟು ಹೋದವರ ನಂಬರ್‌ಗೆ. ಅವರನ್ನು ಹುಡುಕಿ ಹಿಡಿಯುವಷ್ಟರಲ್ಲಿ ಒಂದು ದಿನ ಹೋಯಿತು. ಮೊದಲ ಕಂಪ್ಯೂಟರ್ ಬಿಲ್ ಹೊರಬಿದ್ದದ್ದು ಹನ್ನೊಂದನೇ ದಿನ.

ಮುಂದೆ ಏನು ಬದಲಾಗುತ್ತಿದೆ ಎಂದು ಕೇಳಿದಿರಿ. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ. ಮೊದಲೆಲ್ಲ "ಬ್ಯಾಕಪ್ ಇದೆಯಾ?" ಎಂದು ಕೇಳುತ್ತಿದ್ದರು. ಈಗ "ವಾಪಸ್ ಬಂದು ತೋರಿಸಿ" ಎನ್ನುತ್ತಾರೆ. ಗಿರಾಕಿಗಳೇ ಕೇಳುತ್ತಾರೆ, ನಿಮಗೆ 41 ಪ್ರಶ್ನೆ ಬಂದದ್ದು ಹಾಗೇ. 2025ರ ಸೆಪ್ಟೆಂಬರ್‌ನಲ್ಲಿ ಸೈಬರ್ ದಾಳಿಯಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆಗಳು ತಿಂಗಳಿಗೂ ಜಾಸ್ತಿ ನಿಂತವು. ಬಿಡಿಭಾಗ ಕೊಡುವ ಸಣ್ಣವರು ಎಷ್ಟು ಕಷ್ಟಕ್ಕೆ ಬಿದ್ದರೆಂದರೆ ಬ್ರಿಟನ್ ಸರ್ಕಾರವೇ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಲ್ಲಬೇಕಾಯಿತು. ಆಟೋ ಬಿಡಿಭಾಗ ಮಾಡುವ ನಮಗೆ ಅದು ದೂರದ ಸುದ್ದಿ ಅನ್ನಿಸಲೇ ಇಲ್ಲ. ಒಬ್ಬರು ಬಿದ್ದರೆ ಸಾಲಿನಲ್ಲಿರುವ ಎಲ್ಲರೂ ಬೀಳುತ್ತಾರೆ. ಆದ್ದರಿಂದ ಮುಂದೆ ಈ ಹಾಳೆಗಳು ಇನ್ನೂ ಜಾಸ್ತಿ ಬರುತ್ತವೆ.

ಕನ್ಸಲ್ಟೆಂಟ್‌ಗೆ ಸಹಿ ಹಾಕುವ ಮೊದಲು ಒಂದು ಮಾತು ಕೇಳಿ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಒಂದನ್ನು ಅವರ ಮುಂದಿಡಿ. ಅದರಲ್ಲಿ ಏನೂ ಇರಬಾರದು. ಬ್ಯಾಕಪ್‌ನಿಂದ ಟ್ಯಾಲಿ ಮತ್ತು ಲಾಟ್ ಸಾಫ್ಟ್‌ವೇರ್ ಎರಡನ್ನೂ ಎಬ್ಬಿಸಿ ತೋರಿಸಿ ಎನ್ನಿ. ಗಡಿಯಾರ ನೋಡಿಕೊಳ್ಳಿ. ಅವರು ಬರುವ ಮೊದಲು ನೀವೇ ಒಮ್ಮೆ ಮಾಡಿ ನೋಡಿದರೆ ಇನ್ನೂ ಒಳ್ಳೆಯದು.

ಹುಬ್ಬಳ್ಳಿ ಲೆಕ್ಕಪತ್ರ

ಪೀಣ್ಯದವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಸಿಎ. ಹಾವೇರಿ, ಗದಗ ಕಡೆಯ ವ್ಯಾಪಾರಿಗಳ ಲೆಕ್ಕ ನೋಡುತ್ತೇನೆ.

ಮೇಡಂ, ನಿಮ್ಮದು ಪ್ರೈವೇಟ್ ಲಿಮಿಟೆಡ್ಡೋ ಪಾರ್ಟ್‌ನರ್‌ಶಿಪ್ಪೋ ಬರೆದಿಲ್ಲ. ಲಿಮಿಟೆಡ್ ಆಗಿದ್ದರೆ ಕಂಪ್ಯೂಟರ್‌ನಲ್ಲಿ ಇಡುವ ಲೆಕ್ಕದ ಪುಸ್ತಕಗಳ ಬ್ಯಾಕಪ್ ದಿನಾ ಆಗಬೇಕು, ಅದು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಇರಬೇಕು. ಕಂಪನಿ ಲೆಕ್ಕಪತ್ರ ನಿಯಮಗಳ 2022ರ ಆಗಸ್ಟ್ ತಿದ್ದುಪಡಿಯಿಂದ ಹೀಗಿದೆ. ಎಂಟ್ರಿ ಯಾರು ಯಾವಾಗ ತಿದ್ದಿದರು ಎಂಬ ದಾಖಲೆ ಉಳಿಸುವ ಸಾಫ್ಟ್‌ವೇರನ್ನೇ ಬಳಸಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಾರ್ಟ್‌ನರ್‌ಶಿಪ್ ಆದರೆ ಈ ಎರಡು ನಿಯಮ ನಿಮಗಿಲ್ಲ. ಆದರೆ ಜಿಎಸ್‌ಟಿ ಲೆಕ್ಕವನ್ನು ಎಲ್ಲರೂ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಲೇಬೇಕು. ಏಳು ತಿಂಗಳ ಲೆಕ್ಕ ಕಾಣೆಯಾದದ್ದು ಬರೀ ತಲೆನೋವಿನ ಮಾತಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ನಿಮ್ಮ ಹತ್ತಿರ ರೈತರ ಆಧಾರ್ ಜೆರಾಕ್ಸ್ ಇರುತ್ತದೆ, ಪಾಸ್‌ಬುಕ್ ಪ್ರತಿ ಇರುತ್ತದೆ, ಫೋನ್ ನಂಬರ್ ಇರುತ್ತದೆ. ಸ್ಕ್ಯಾನ್ ಮಾಡಿ ಇಟ್ಟಿರುತ್ತೀರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಹುಡುಗರ ಫೋನ್‌ನಲ್ಲೂ ಇರುತ್ತದೆ. ಈಗಿನ ಕಳ್ಳರು ಲಾಕ್ ಮಾಡುವ ಮೊದಲು ನಕಲು ಮಾಡಿಕೊಂಡು ಹೋಗುತ್ತಾರೆ. ದುಡ್ಡು ಕೊಡದಿದ್ದರೆ ಹೊರಗೆ ಹಾಕುತ್ತೇವೆ ಎನ್ನುತ್ತಾರೆ. ಎಷ್ಟು ಒಳ್ಳೆಯ ಬ್ಯಾಕಪ್ ಇದ್ದರೂ ಇದಕ್ಕೆ ಮದ್ದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಡೇಟಾ ಸೋರಿದರೆ ಆ ರೈತನಿಗೂ ತಿಳಿಸಬೇಕು, ಡೇಟಾ ರಕ್ಷಣಾ ಮಂಡಳಿಗೂ ತಿಳಿಸಬೇಕು. ಮಂಡಳಿಗೆ ಪೂರ್ತಿ ವಿವರ 72 ಗಂಟೆಯೊಳಗೆ. ತಕ್ಕ ರಕ್ಷಣೆ ಇಟ್ಟುಕೊಳ್ಳದೆ ಸೋರಿದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ನಿಮ್ಮಂಥವರಿಗೆ ಅಷ್ಟು ಹಾಕುತ್ತಾರೆ ಎಂದು ಹೆದರಿಸಲು ಹೇಳುತ್ತಿಲ್ಲ. ಸಣ್ಣವರು ಎಂಬ ಕಾರಣಕ್ಕೆ ತಾನಾಗಿ ವಿನಾಯಿತಿ ಸಿಗುವುದಿಲ್ಲ ಎಂದು ಹೇಳುತ್ತಿದ್ದೇನೆ, ಅಷ್ಟೇ. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸೈಬರ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನವಂತೂ 2022ರಿಂದಲೇ ಇದೆ. ಆರು ಗಂಟೆ ಎಂದರೆ ಯಾರಿಗೆ ಫೋನ್ ಮಾಡುವುದು ಎಂದು ಯೋಚಿಸುವುದರಲ್ಲೇ ಕಳೆದುಹೋಗುತ್ತದೆ. ಅದನ್ನು ಈಗಲೇ ಬರೆದು ಗೋಡೆಗೆ ಅಂಟಿಸಿ. ಬ್ಯಾಂಕ್ ಖಾತೆಯಿಂದ ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು, ಅದನ್ನೂ ಬರೆಯಿರಿ.

ಹಾಗಾಗಿ ನನ್ನ ಸಲಹೆ, ಕಡಿಮೆ ಇಟ್ಟುಕೊಳ್ಳಿ. ಲೆಕ್ಕ ಉಳಿಸಿ. ಮೂರು ವರ್ಷದ ಹಿಂದೆ ಒಮ್ಮೆ ಬಂದು ಹೋದ ರೈತನ ಆಧಾರ್ ಪ್ರತಿ ನಿಮಗೆ ಯಾಕೆ ಬೇಕು? ನಿಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು.

ಇನ್ನೊಂದು ಮಾತು. ನಿಮ್ಮ ಆಫೀಸ್ ಎಷ್ಟೇ ಗಟ್ಟಿಯಾಗಿರಲಿ, ಬೇರೆಯವರ ಮೇಲೆ ನಿಂತಿರುತ್ತೀರಿ. 2024ರ ಜುಲೈ ಕೊನೆಯಲ್ಲಿ ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಸಂಸ್ಥೆಗೆ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ತಗುಲಿದಾಗ ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರಿಗೆ ಅಷ್ಟು ಹೊತ್ತು ಯುಪಿಐ ನಿಂತಿತು. ಅದರಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳೇ ಜಾಸ್ತಿ. ಸೋಮವಾರ ಅಥವಾ ಗುರುವಾರ, ಮಾರುಕಟ್ಟೆಯ ಟೆಂಡರ್ ದಿನ, ಹಾಗಾದರೆ ರೈತರಿಗೆ ದುಡ್ಡು ಹೇಗೆ ಕೊಡುತ್ತೀರಿ? ಎರಡನೇ ಬ್ಯಾಂಕಿನಲ್ಲಿ ಒಂದು ಖಾತೆ ಇರಲಿ.

ದೇಜನ್‌ನಿಂದ

ನಾನು ಶಿರಸಿಯವನು. ದಕ್ಷಿಣ ಕೊರಿಯಾದ ದೇಜನ್ ನಗರದಲ್ಲಿ ಓದುತ್ತಿದ್ದೇನೆ. ಸುಮ್ನೆ ಓದಿಕೊಂಡು ಹೋಗೋಣ ಎಂದಿದ್ದೆ, ಆದರೆ ಇದೇ ವಿಷಯ ನಾನೀಗ ಇರುವ ಊರಲ್ಲೇ ಆಯಿತು. 2025ರ ಸೆಪ್ಟೆಂಬರ್ 26ರ ರಾತ್ರಿ ಇಲ್ಲಿಯ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸರ್ವರ್ ಕೋಣೆಯಿಂದ ಬೇರೆ ಕಡೆ ಸಾಗಿಸುವ ಕೆಲಸ ನಡೆದಿತ್ತು, ಆಗಲೇ ಹೊತ್ತಿಕೊಂಡಿತು. ಸರ್ಕಾರದ 709 ವ್ಯವಸ್ಥೆಗಳು ನಿಂತವು. ಚುಸೋಕ್ ಹಬ್ಬ ಹತ್ತಿರ ಬಂದಿತ್ತು. ಎಲ್ಲರೂ ಊರಿಗೆ ಉಡುಗೊರೆ ಕಳಿಸುವ ಸಮಯ. ಅಂಥ ಹೊತ್ತಿನಲ್ಲಿ ಅಂಚೆ ಕೆಲಸ ನಿಂತುಬಿಟ್ಟಿತು.

ಮನಸ್ಸಿಗೆ ನಾಟಿದ್ದು ಜಿ-ಡ್ರೈವ್ ವಿಷಯ. ಸರ್ಕಾರಿ ನೌಕರರು ಕೆಲಸದ ಕಡತ ಇಡುತ್ತಿದ್ದ ಜಾಗ ಅದು. 858 ಟೆರಾಬೈಟ್. ಅಷ್ಟು ದೊಡ್ಡದಕ್ಕೆ ಬೇರೆಡೆ ಬ್ಯಾಕಪ್ ಇಡುವುದು ಕಷ್ಟ ಎಂದು ಇಟ್ಟಿರಲಿಲ್ಲ. ಎಲ್ಲ ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಇಷ್ಟು ಮುಂದಿರುವ ದೇಶದಲ್ಲಿ!

ಅಕ್ಕ, ನಿಮ್ಮ ಯುಪಿಎಸ್ ಬ್ಯಾಟರಿ ಎಲ್ಲಿದೆ ನೋಡಿ. ನಮ್ಮ ಊರ ಕಡೆ ಸಣ್ಣ ಆಫೀಸ್‌ಗಳಲ್ಲಿ ಸರ್ವರ್, ಬ್ಯಾಟರಿ, ಬ್ಯಾಕಪ್ ಡಿಸ್ಕ್ ಮೂರೂ ಒಂದೇ ಮೇಜಿನ ಕೆಳಗೆ ಇರುವುದನ್ನು ನೋಡಿದ್ದೇನೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ರೈತರು ಸಿಟ್ಟಾದಾಗ ನಿಮ್ಮೂರಿನ ಎಪಿಎಂಸಿ ಕಚೇರಿಗೇ ಬೆಂಕಿ ಬಿದ್ದಿತ್ತಲ್ವಾ? ಬೆಂಕಿ ಎಲ್ಲಿಂದ ಬರುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ನೆಂಟರ ಮನೆಯ ಡಿಸ್ಕ್ ಮಾತು ನನಗೆ ತುಂಬಾ ಸರಿ ಅನ್ನಿಸಿತು.

ಬೆಳ್ಳಂದೂರು ಬ್ಯಾಕಪ್

ನಾನು ಬ್ಯಾಕಪ್ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮಾರಾಟದ ಮಾತು ಆಗಬಾರದೆಂದು ಹೆಸರು ಹೇಳುವುದಿಲ್ಲ. ಎಐ ಬಗ್ಗೆ ಮಾತ್ರ ಹೇಳುತ್ತೇನೆ.

ಅದು ಸುಳ್ಳಲ್ಲ. ಆದರೆ ಅದು ಮಾಡುವ ಮುಖ್ಯ ಕೆಲಸ ಸರಳವಾದದ್ದು. ದಿನಾ ಎಷ್ಟು ಫೈಲ್ ಬದಲಾಗುತ್ತದೆ ಎಂದು ಕಲಿತುಕೊಳ್ಳುತ್ತದೆ. ಒಂದು ರಾತ್ರಿ ಅದು ಹತ್ತು ಪಟ್ಟಾದರೆ ಕೂಗುತ್ತದೆ. ಕಳ್ಳರು ಲಾಕ್ ಮಾಡಿದ ಫೈಲನ್ನು ಕುಗ್ಗಿಸಲು ಆಗುವುದಿಲ್ಲ, ಹಾಗಾಗಿ ಬ್ಯಾಕಪ್ ಗಾತ್ರ ಒಮ್ಮೆಲೇ ಏರುತ್ತದೆ. ಸಾವಿರಾರು ಕಂಪ್ಯೂಟರ್ ಇರುವವರಿಗೆ ಇದು ಬೇಕೇ ಬೇಕು. ಐದು ಕಂಪ್ಯೂಟರ್ ಇರುವ ನೀವು ದಿನಾ ಬ್ಯಾಕಪ್ ಗಾತ್ರವನ್ನು ಒಂದು ಪುಸ್ತಕದಲ್ಲಿ ಬರೆದರೂ ಅದೇ ಎಚ್ಚರಿಕೆ ಸಿಗುತ್ತದೆ. ನಿಮ್ಮ ಪೆನ್ ಡ್ರೈವ್‌ನ ಗಾತ್ರ ಏಳು ತಿಂಗಳು ಒಂದು ಚೂರೂ ಬೆಳೆದಿರಲಿಕ್ಕಿಲ್ಲ. ಬರೆದಿಟ್ಟಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು.

ಎಐ ನಿಮ್ಮನ್ನು ತಟ್ಟುವುದು ಇನ್ನೊಂದು ಬಾಗಿಲಿನಿಂದ. 2024ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ನೌಕರರೊಬ್ಬರು ವಿಡಿಯೊ ಕರೆಯಲ್ಲಿ ತಮ್ಮ ಹಿರಿಯ ಅಧಿಕಾರಿಗಳನ್ನೇ ನೋಡಿ, ಅವರ ಮಾತು ಕೇಳಿ, 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿದರು. ಕರೆಯಲ್ಲಿದ್ದ ಮುಖ, ಧ್ವನಿ ಎಲ್ಲ ನಕಲಿ. ನಾಳೆ ನಿಮ್ಮ ಅಪ್ಪನ ಧ್ವನಿಯಲ್ಲೇ "ಈ ಖಾತೆಗೆ ಹಾಕು" ಎಂದು ಫೋನ್ ಬರಬಹುದು. ಖಾತೆ ನಂಬರ್ ಬದಲಾಯಿಸಿ ಎಂದು ಯಾರೇ ಹೇಳಲಿ, ಫೋನ್ ಇಟ್ಟು, ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರ್‌ಗೆ ನೀವೇ ಕರೆ ಮಾಡಿ ಕೇಳಿ. ಇದು ಮನೆಯವರಿಗೂ ಅನ್ವಯಿಸಲಿ.

ಕ್ವಾಂಟಮ್ ಕಂಪ್ಯೂಟರ್ ಬಂದು ಈಗಿನ ಗುಪ್ತಲಿಪಿಗಳನ್ನೆಲ್ಲ ಒಡೆಯುತ್ತದೆ ಎಂದು ಹೆದರಿಸುವವರೂ ಬರುತ್ತಾರೆ. ಅದಕ್ಕೆ ತಡೆಯಾಗುವ ಮೊದಲ ಮೂರು ಮಾನದಂಡಗಳನ್ನು ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ನಿಮಗೆ ಅದು ಸಾಫ್ಟ್‌ವೇರ್ ಅಪ್‌ಡೇಟ್‌ಗಳ ಜೊತೆ ಬರುತ್ತದೆ, ಬೇರೆ ದುಡ್ಡು ಕೊಡಬೇಡಿ. ಅಪ್‌ಡೇಟ್ ಎಂದಾಗ ನೆನಪಾಯಿತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮ ಐದರಲ್ಲಿ ಎಷ್ಟು ಹಳೆಯವು? ಕನ್ಸಲ್ಟೆಂಟ್‌ಗೆ ಕೊಡುವ ದುಡ್ಡಿನಲ್ಲಿ ಮೊದಲು ಅವನ್ನು ಬದಲಾಯಿಸಿ.

ಮೆಣಸಿನಕಾಯಿ ಮನೆ, ಬ್ಯಾಡಗಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಧನ್ಯವಾದ.

ಪೀಣ್ಯದ ಅಣ್ಣ ಹೇಳಿದಂತೆ ಒಂದು ಭಾನುವಾರ ಹಳೆಯ ಲ್ಯಾಪ್‌ಟಾಪ್ ಖಾಲಿ ಮಾಡಿ ಕೂತೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆ. ಟ್ಯಾಲಿ ಎರಡು ಗಂಟೆಯೊಳಗೆ ಎದ್ದಿತು, ಈ ಸಲ ನಿನ್ನೆಯ ಎಂಟ್ರಿವರೆಗೂ ಇತ್ತು. ಲಾಟ್ ಸಾಫ್ಟ್‌ವೇರ್ ಮಾತ್ರ ಏಳಲೇ ಇಲ್ಲ. ಡೇಟಾ ಫೈಲ್ ಇದೆ, ಆದರೆ ತೆರೆಯುವ ಪಾಸ್‌ವರ್ಡ್ ಬರೆದುಕೊಟ್ಟವರ ಹತ್ತಿರ ಮಾತ್ರ ಇತ್ತು. ಇನ್‌ಸ್ಟಾಲ್ ಮಾಡುವ ಫೈಲ್ ನಮ್ಮ ಹತ್ತಿರ ಇರಲೇ ಇಲ್ಲ. ಅವರು ಮದುವೆಗೆ ಹೋಗಿದ್ದರು, ಸಿಕ್ಕಿದ್ದು ಮಂಗಳವಾರ. ಇದು ಮಾರ್ಚ್‌ನಲ್ಲಿ ಆಗಿದ್ದರೆ ಏನು ಗತಿ ಎಂದು ಅಪ್ಪನ ಮುಖ ನೋಡಿದೆ. ದುಡ್ಡಿನ ಬಗ್ಗೆ ಅವರು ಆಮೇಲೆ ಮಾತಾಡಲಿಲ್ಲ. ಇನ್‌ಸ್ಟಾಲ್ ಫೈಲ್, ಲೈಸೆನ್ಸ್, ಪಾಸ್‌ವರ್ಡ್, ಜಿಎಸ್‌ಟಿ ಮತ್ತು ಇ-ವೇ ಬಿಲ್ ಲಾಗಿನ್ ವಿವರ, ಎಲ್ಲ ಈಗ ಒಂದು ಲಕೋಟೆಯಲ್ಲಿ ತಿಜೋರಿಯಲ್ಲಿವೆ. ಒಟಿಪಿ ನಂಬರ್ ನೋಡಿದರೆ ಎರಡು ಕಡೆ ಹಳೆಯ ಗುಮಾಸ್ತರದ್ದೇ ಇತ್ತು. ಬದಲಿಸಿದೆವು.

ಕನ್ಸಲ್ಟೆಂಟ್‌ಗೆ ಅದೇ ಲ್ಯಾಪ್‌ಟಾಪ್ ತೋರಿಸಿ ಕೇಳಿದೆ. ಮುಂದಿನ ವಾರ ಬರುತ್ತೇನೆ ಎಂದವರು ಇನ್ನೂ ಬಂದಿಲ್ಲ.

ಯುಪಿಎಸ್ ಬ್ಯಾಟರಿ ಸರ್ವರ್ ಪಕ್ಕದಲ್ಲೇ ಇತ್ತು, ವರಾಂಡಕ್ಕೆ ಹಾಕಿಸಿದೆ. ಹಳೆಯ ಆಧಾರ್ ಸ್ಕ್ಯಾನ್ 1,900ಕ್ಕೂ ಹೆಚ್ಚು ಸಿಕ್ಕವು. ಸಿಎ ಸರ್ ಹೇಳಿದಂತೆ ನಮ್ಮ ಲೆಕ್ಕಿಗರನ್ನು ಕೇಳಿ, ಬೇಡದ್ದನ್ನು ತೆಗೆಯುತ್ತಿದ್ದೇನೆ. ನಮ್ಮದು ಪಾರ್ಟ್‌ನರ್‌ಶಿಪ್. ಕಾಕಾ ನೋಟ್‌ಬುಕ್ ಬಿಡಬೇಕೇನೋ ಎಂದು ಯೋಚಿಸುತ್ತಿದ್ದರು. ಬೇಡ ಎಂದೆ. ಈಗ ಸಂಜೆ ಆ ದಿನದ ಪುಟದ ಫೋಟೊ ತೆಗೆದು ಬ್ಯಾಕಪ್ ಜೊತೆಗೇ ಸೇರಿಸುತ್ತೇನೆ. ಪಕ್ಕದ ಅಂಕಣದಲ್ಲಿ ಬ್ಯಾಕಪ್ ಗಾತ್ರವನ್ನೂ ಅವರೇ ಬರೆಯುತ್ತಾರೆ.

41 ಪ್ರಶ್ನೆಗೂ ಇದ್ದದ್ದು ಇದ್ದಂತೆ ಉತ್ತರ ಬರೆದೆ. ಆರ್‌ಪಿಒ ಒಂದು ದಿನ. ಆರ್‌ಟಿಒ ಎರಡು ದಿನ, ಅಲ್ಲಿಯವರೆಗೆ ಕೈಬರಹದ ಗೇಟ್ ಪಾಸ್. ಒಂಬತ್ತು ಪ್ರಶ್ನೆಗೆ "ಇಲ್ಲ" ಎಂದೇ ಬರೆದಿದ್ದೇನೆ.

ಡಿಸ್ಕ್ ಒಂದು ರಾಣೆಬೆನ್ನೂರಿನ ಅತ್ತೆ ಮನೆಯಲ್ಲಿದೆ. ಕ್ಲೌಡ್ ಲಾಕ್ ಮಾತ್ರ ಇನ್ನೂ ಹಾಕಿಲ್ಲ. ಅಣ್ಣ, ಎಷ್ಟು ದಿನಕ್ಕೆ ಹಾಕಲಿ? ಮೂವತ್ತು ಸಾಕಾ?

ಪೀಣ್ಯ ಸೆಕೆಂಡ್ ಸ್ಟೇಜ್

ನಲವತ್ತೈದು ಹಾಕಿ ತಂಗಿ. ನಿಮ್ಮ ಡೇಟಾ ಸಣ್ಣದು, ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆದರೆ ಮೊದಲು ಎರಡು ದಿನದ ಲಾಕ್ ಹಾಕಿ, ಒಂದು ಬೇಡದ ಫೈಲ್ ಮೇಲೆ ಪರೀಕ್ಷೆ ಮಾಡಿ. ನಿಮ್ಮದೇ ಪಾಸ್‌ವರ್ಡ್‌ನಿಂದ ಅಳಿಸಲು ನೋಡಿ. ಅಳಿಸಿಹೋದರೆ ಲಾಕ್ ಸರಿಯಾಗಿ ಕೂತಿಲ್ಲ ಎಂದರ್ಥ. ಹಾಗಾದರೆ ಸ್ಕ್ರೀನ್ ಫೋಟೊ ಇಲ್ಲಿ ಹಾಕಿ, ನೋಡೋಣ. ಮತ್ತೆ ಆ ದಾವಣಗೆರೆಯವರು ಸಪೋರ್ಟ್‌ಗೆ ಎಂದು ನಿಮ್ಮಲ್ಲೂ ರಿಮೋಟ್ ಏನಾದರೂ ತೆರೆದಿಟ್ಟಿದ್ದಾರಾ, ಇವತ್ತೇ ಕೇಳಿ.